ಪೆಟ್ರೋಲ್ ಕಾಕ್‌ಗೆ ಸಾಬೂನು

ಪೆಟ್ರೋಲ್ ವಾಸನೆ ಬಂದರೆ ಈಗಲೂ ನನಗೆ ಕಲ್ಲೂರಿನ ಆ ದಿನವೇ ನೆನಪಾಗುತ್ತದೆ.

ನರ್ಸ್ ತರಬೇತಿಯ ಸಂದರ್ಶನಕ್ಕೆ ಅಕ್ಕ ಬೆಳಿಗ್ಗೆ ಹನ್ನೊಂದು ಗಂಟೆಗೆ ರಾಯಚೂರಿನಲ್ಲಿರಬೇಕಿತ್ತು. ಬಸ್ಸು ತಪ್ಪಿತ್ತು. ಉಳಿದಿದ್ದು ಅಜ್ಜನ ಕಾಲದ ಕಾರು; ಅದರಲ್ಲಿ ಪೆಟ್ರೋಲ್ ಬಂದ್ ಮಾಡುವ ಕಾಕ್ ಸೋರುತ್ತಿತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ನಿಮಿಷಕ್ಕೆ ಇಪ್ಪತ್ತಾರು ಹನಿ. ಅಪ್ಪ ನಟ್ಟು ಬಿಗಿ ಮಾಡಿದರು, ಇಪ್ಪತ್ತೊಂದು.

ಅವ್ವ ಬಟ್ಟೆ ಸಾಬೂನಿನ ತುಂಡು ತಂದಳು. "ಇದನ್ನ ನಾದಿ ಮೆತ್ರಿ. ಕೊಡ ಸೋರಿದ್ರ ನಾವು ಹಿಂಗ ಮಾಡ್ತೀವಿ."

"ಇದು ಕೊಡ ಅಲ್ಲಲೇ, ಕಾರು!"

"ಸೋರೂದು ಎರಡೂ ಒಂದ ಅಲ್ರಿ?"

ಅಪ್ಪ ಗೊಣಗುತ್ತಲೇ ಮೆತ್ತಿದರು. ಐದು ಹನಿ, ಎರಡು, ಆಮೇಲೆ ನಿಮಿಷವಿಡೀ ಒಂದೂ ಇಲ್ಲ.

ಹತ್ತೂ ಐವತ್ತಕ್ಕೆ ಅಕ್ಕ ಸಂದರ್ಶನದ ಬಾಗಿಲಲ್ಲಿದ್ದಳು. ಮರಳುವಾಗ ಅಪ್ಪ, ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಅವ್ವನಿಗೆ ಮುಂದಿನ ಬಾಗಿಲು ತೆಗೆದರು.

"ಬರ್ರಿ ಮಿಸ್ತ್ರಿ, ಮುಂದ ಕುಂದರ್ರಿ."