ತೇಪೆಯ ಹಿಂಬದಿ

ಕೊನೆಯ ರಿವೆಟ್ ಮೊಳೆ ಕಳಚಿದ್ದೇ, ಗಾಲಿಗಳ ಮೇಲಿನ ಹಳೆಯ ಟ್ರೈಲರ್ ಮನೆಯ ಮೈಗೆ ಅಂಟಿದ್ದ ಅಲ್ಯೂಮಿನಿಯಂ ತೇಪೆ ಅರ್ಲೀನಳ ಕೈಗೆ ಬಂತು. ಅದಕ್ಕೆ ಸರಿಹೊಂದುವ ಹೊಸ ಶೀಟ್ ಆರಿಸಬೇಕಿತ್ತು. ಗಂಡ ರಾಯ್ಸ್ ಎರಡು ಮಾದರಿ ಹಿಡಿದು ನಿಂತಿದ್ದ; ಒಂದು ಮೆತ್ತನೆಯದು, ಇನ್ನೊಂದು ವಿಮಾನಕ್ಕೆ ಹೊದಿಸುವ ಗಟ್ಟಿ ಜಾತಿಯದು.

"ಬೇಡ ಅಂದ್ರೂ ಕಿತ್ಬಿಟ್ಯಲ್ಲೇ ಮಾರಾಯ್ತಿ," ಎಂದು ಅವನು ಗೊಣಗಿದ. "ಅದರ ಮೇಲೇ ಇನ್ನೊಂದು ಹೊಡೆದಿದ್ರೆ ಆಗ್ತಿತ್ತು."

"ತೇಪೆ ಮೇಲೆ ತೇಪೆ ಹಾಕಿದ್ರೆ ನಡುವೆ ನೀರು ನಿಲ್ಲುತ್ತೆ. ಇಷ್ಟು ವರ್ಷ ರಿಪೇರಿ ಮಾಡ್ದೋನಿಗೆ ನಾನು ಹೇಳ್ಕೊಡ್ಬೇಕಾ? ನೋಡು, ಆಗ ನೀನು ಹೊಡೆದಿದ್ದ ಇದೂ ಗಟ್ಟಿ ಜಾತೀದೇ," ಎನ್ನುತ್ತ ಅವಳು ತೇಪೆಯನ್ನು ಮಗುಚಿದಳು.

ಹಿಂಬದಿಯಲ್ಲಿ ಹಳದಿ ಬಣ್ಣವಿತ್ತು. ಅದರ ಮೇಲೆ ಕೆಂಪು ಅಂಕಿಗಳು. ನಾಲ್ಕರ ಕಾಲಿನಿಂದ ಒಂದೆಳೆ ಬಣ್ಣ ಸೋರಿ ಇಳಿದಿತ್ತು. ಆ ಸೋರಿಕೆ ಅವಳದೇ ಕೈತಪ್ಪು. ಮೊದಲ ಗಂಡ ಕರ್ಟಿಸ್‌ನ ಪುಟ್ಟ ವಿಮಾನಕ್ಕೆ ಅವಳೇ ಬರೆದ ನಂಬರು ಅದು. ಆ ವಿಮಾನ ಕರ್ಟಿಸ್ ಸಮೇತ ಐಡಹೋದ ಬೆಟ್ಟಗಳಲ್ಲಿ ಕಾಣೆಯಾಗಿ ನಲವತ್ತನಾಲ್ಕು ವರ್ಷ. ಊರವರೆಲ್ಲ ಕೈಚೆಲ್ಲಿದ ಮೇಲೂ ಒಬ್ಬನೇ ಹುಡುಕಿದವನು, ಒಂದು ಚೂರೂ ಸಿಗಲಿಲ್ಲವೆಂದು ಅವಳ ಮುಂದೆ ಅತ್ತವನು, ಇದೇ ರಾಯ್ಸ್.

ಅವಳು ತೇಪೆಯನ್ನು ಅವನತ್ತ ತಿರುಗಿಸಿ ಹಿಡಿದಳು. ಅವನ ಕೈಯಲ್ಲಿದ್ದ ಎರಡೂ ಮಾದರಿ ಜಾರಿ ಜಲ್ಲಿಯ ಮೇಲೆ ಬಿದ್ದವು.

"ನಿಂಗೆ ತೋರಿಸ್ಬೇಕು ಅಂತ್ಲೇ ಕತ್ತರಿಸ್ಕೊಂಡು ಬಂದಿದ್ದೆ," ಎಂದ ರಾಯ್ಸ್, ನೆಲ ನೋಡುತ್ತ. "ಆದ್ರೆ ಕರ್ಟಿಸ್ ಪಕ್ಕದ ಸೀಟಲ್ಲಿ ಒಬ್ಳಿದ್ಲು, ಅರ್ಲೀನ್. ಕಳೆದುಹೋಯ್ತು ಅಂತ ನೀನು ಮನೆಯೆಲ್ಲ ಹುಡುಕಿದ್ಯಲ್ಲ, ಆ ನೀಲಿ ಕೋಟು ಹಾಕ್ಕೊಂಡಿದ್ಲು."