ಸಣ್ಣಗೌಡನ ಹೆಸರಿನ ಓಟ

ಸಣ್ಣಗೌಡನ ತೂಕ ಏರಿತ್ತು. ತಿರ್ಲಾಪುರದ ಮಹಿಳಾ ಮಂಡಳದ ಹೆಂಗಸರೆಲ್ಲ ನೋಡುತ್ತಿದ್ದಂತೆ, ಶಾಲೆಯ ಅಂಗಳದ ಬೇವಿನ ಟೊಂಗೆಗೆ ನೇತುಹಾಕಿದ್ದ ಹತ್ತಿ ತೂಗುವ ತಕ್ಕಡಿ ಅವನ ಕಡೆಗೇ ವಾಲಿತು. ಟೊಂಗೆಯೂ ಒಮ್ಮೆ ಲಟಕ್ಕೆಂದಿತು. ಏಳು ವರ್ಷದ ಹುಡುಗ ಹತ್ತಿ ಅಂಡಿಗೆಯ ಹಾಗೆ ತಟ್ಟೆಯ ತುಂಬ ಕೂತು, ಕೈಯಲ್ಲಿದ್ದ ಬೇಸನ್ ಉಂಡಿಯನ್ನು ಮುಗಿಸುವ ಕೆಲಸದಲ್ಲಿದ್ದ.

"ಹೋದ ತಿಂಗಳಿಗಿಂತ ಜಾಸ್ತಿ ಆಗ್ಯಾನಲ್ರಿ," ಎಂದಳು ನರ್ಸ್ ಶಮೀಮಾಬಿ. "ದಿನಾ ಮುಂಜಾನೆ ಕೆರಿ ಸುತ್ತ ಓಡಸ್ರಿ, ತುಪ್ಪ, ಸಿಹಿ ಕಮ್ಮಿ ಮಾಡ್ರಿ ಅಂದಿದ್ದೆ. ಓಡಸೀರಿಲ್ಲೋ?"

"ಒಂದಿನಾನೂ ತಪ್ಪಿಲ್ರಿ ಬಾಯಾರ," ಎಂದಳು ಗೌಡಶಾನಿ. ಅವಳು ಹುಡುಗನ ಅಜ್ಜಿ, ಮಂಡಳದ ಅಧ್ಯಕ್ಷೆ. ಮಕ್ಕಳ ಮೈಗೆ ಬೊಜ್ಜು ಬಾರದಂತೆ ಊರಿಗೆ ಊರೇ ಎಚ್ಚರ ವಹಿಸಬೇಕೆಂದು ಹೋದ ತಿಂಗಳು ಇದೇ ಗಿಡದ ಕೆಳಗೆ ಭಾಷಣ ಮಾಡಿದವಳೂ ಅವಳೇ. ಊರಲ್ಲಿ ಬೊಜ್ಜು ಇದ್ದದ್ದು ಒಂದೇ ಮನೆಯಲ್ಲಿ ಎಂಬುದನ್ನು ಆಗ ಯಾರೂ ಎತ್ತಿ ಆಡಿರಲಿಲ್ಲ. "ಬೇಕಾದ್ರ ದುರ್ಗಿನ್ನ ಕೇಳ್ರಿ. ಅಕಿ ಮಗಳ ಓಡತಾಳ."

ಶಮೀಮಾಬಿ ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟಳು. "ಯಾರ ಮಗಳು?"

ದುರ್ಗವ್ವ ಕಸಬರಿಗೆ ಹಿಡಿದು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಂಗಳದ ಅಂಚಿನಲ್ಲಿ ನಿಂತಿದ್ದಳು. ಅವಳ ಕೇರಿಯವರಿಗೆ ಅಲ್ಲಿಂದ ಈಚೆ ಜಾಗವಿರಲಿಲ್ಲ. ಅವಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹಿಂದೆ ಮೊಣಕಾಲು ಹಿಡಿದುಕೊಂಡಾಗ ಗೌಡಶಾನಿ ಊರದೇವಿ ದ್ಯಾಮವ್ವನಿಗೆ ದೀಡ ನಮಸ್ಕಾರದ ಹರಕೆ ಹೊತ್ತಿದ್ದಳು. ಓಣಿಯುದ್ದಕ್ಕೂ ಅಡ್ಡಬಿದ್ದು, ಎದ್ದು, ಮತ್ತೆ ಅಡ್ಡಬೀಳುತ್ತ ಗುಡಿಯ ಹೊರಗಟ್ಟೆಯವರೆಗೆ ಹೋದವಳು ಮಾತ್ರ ದುರ್ಗವ್ವ, ಗೌಡಶಾನಿಯ ಹೆಸರಿನಲ್ಲಿ. ಮೊಣಕಾಲು ಸುಲಿದದ್ದು ದುರ್ಗವ್ವನದು, ನೆಟ್ಟಗಾದದ್ದು ಗೌಡಶಾನಿಯದು. ದೇವರಿಗೆ ಒಪ್ಪಿದ್ದು ದವಾಖಾನೆಗೆ ಯಾಕೆ ಒಪ್ಪಬಾರದು? ಗೌಡರ ಮೊಮ್ಮಗ ದನ ಕಾಯುವವರ ಹಾಗೆ ಓಣಿಯಲ್ಲಿ ಓಡುವುದಂತೂ ಆಗದ ಮಾತು. ಹಾಗಾಗಿ ದಿನಾ ಮುಂಜಾನೆ ದುರ್ಗವ್ವನ ಮಗಳು ರೇಣಿ, "ಸಣ್ಣಗೌಡರ ಹೆಸರಿಲೆ" ಎಂದು ಕೈಮುಗಿದು ಕೆರೆ ಸುತ್ತುತ್ತಿದ್ದಳು. ಸಣ್ಣಗೌಡ ದಂಡೆಯ ಮೇಲೆ ಕೂತು, ತಿನ್ನುತ್ತ, ತನ್ನ ಓಟವನ್ನು ತಾನೇ ನೋಡುತ್ತಿದ್ದ.

"ಹಂಗಾದ್ರ ತೂಕ ಯಾಕ ಇಳೀಲಿಲ್ಲ?" ಗೌಡಶಾನಿ ದುರ್ಗವ್ವನ ಕಡೆ ತಿರುಗಿದಳು. "ನಿನ್ನ ಮಗಳ ಓಟದಾಗ ಏನೋ ಕಳ್ಳತನ ಐತಿ."

"ಇಲ್ರಿ ಎವ್ವಾ. ಅಕಿ ಪಕ್ಕಡಿ ಎಲುಬು ನೋಡ್ರಿ, ಒಂದೊಂದೂ ಎಣಸಾಕ ಬರ್ತೈತಿ."

"ಮತ್ತ ಊಟದ್ದಾ ತಪ್ಪು. ಬಾಯಾರು ತಿನ್ನೂದೂ ಕಮ್ಮಿ ಮಾಡ್ರಿ ಅಂದಿದ್ರು, ಅದನ್ನ ನಾವು ಮರತಿದ್ವಿ. ಇವತ್ತಿಂದ ರೇಣಿಗೆ ರಾತ್ರಿ ರೊಟ್ಟಿ ಬಂದ್. ಸಣ್ಣಗೌಡನ ಹೆಸರಿಲೆ ಒಪ್ಪತ್ತು ಇರ್ಲಿ."

ಮಂಡಳದ ಹೆಂಗಸರು ಹೌದೆಂದು ತಲೆದೂಗಿದರು. ಶಮೀಮಾಬಿಗೆ ತಡೆಯಲಾಗಲಿಲ್ಲ. "ಏನ್ ಮಾತಾಡ್ತೀರಿ? ಅಕಿ ಉಪಾಸ ಬಿದ್ರ ಇಂವ ಹ್ಯಾಂಗ ಕರಗತಾನ?"

"ನಿಮಗ ಔಷಧ ತಿಳೀತೈತಿ ಬಾಯಾರ. ಹರಕಿ ತಿಳಿಯಂಗಿಲ್ಲ."

ದುರ್ಗವ್ವ ಮಗಳನ್ನು ನೋಡಿದಳು. ತನ್ನ ಮೈ ಕೊಟ್ಟಾಗಿತ್ತು, ಮಗಳ ಕಾಲು ಕೊಟ್ಟಾಗಿತ್ತು. ಇನ್ನು ಆ ರಾತ್ರಿಯ ರೊಟ್ಟಿಯನ್ನೂ ಕೊಟ್ಟರೆ ಮುಂದಿನ ತಿಂಗಳು ಓಡಲು ರೇಣಿಯೇ ಉಳಿಯುವುದಿಲ್ಲ. ಅವಳ ಕಣ್ಣು ಬೇವಿನ ಕೆಳಗಿನ ಬೆಂಚಿನ ಮೇಲೆ ಹೋಯಿತು. ತೂಕ ಮುಗಿದ ಮೇಲೆ ಸಣ್ಣಗೌಡನಿಗೆಂದು ಮನೆಯಿಂದ ತಂದಿದ್ದ ತುಪ್ಪದ ಹೋಳಿಗೆಯ ತಾಟು ಅಲ್ಲಿತ್ತು.

"ಎವ್ವಾ, ಒಂದ ಮಾತ ಕೇಳ್ಲೇನ್ರಿ? ನಿಮ್ಮ ದೀಡ ನಮಸ್ಕಾರ ಮುಗಿದ ಮ್ಯಾಲ ದೇವಿಗೆ ಹಿಡದ ಹೋಳಿಗಿ ಎಡಿ ಯಾರಿಗೆ ಕೊಟ್ಟಿದ್ರಿ?"

"ನಿನಗಾ ಕೊಟ್ಟಿದ್ನೆಲ್ಲ. ನಮಸ್ಕಾರ ಹಾಕಿದಾಕೀನ ಎಡಿ ಉಣಬೇಕು, ಇಲ್ಲಾಂದ್ರ ಹರಕಿ ಮುಟ್ಟಂಗಿಲ್ಲ."

"ಹಂಗಾರ ನಾವು ಮರತದ್ದು ಉಪಾಸ ಅಲ್ರಿ. ಎಡಿ." ದುರ್ಗವ್ವ ಗದ್ದ ಎತ್ತಿ ತಾಟು ತೋರಿಸಿದಳು. "ಹೋಗ ಬೇ ರೇಣಿ. ಸಣ್ಣಗೌಡರ ಹೆಸರಿಲೆ ತಿನ್ನ."

ಓಡಿ ಓಡಿ ಪಳಗಿದ ಕಾಲು. ರೇಣಿ ಬೆಂಚಿಗೆ ಹೋದದ್ದೂ ಗೊತ್ತಾಗಲಿಲ್ಲ, ಒಂದು ಹೋಳಿಗೆ ಬಾಯಿಗೆ ತುರುಕಿ ಎರಡು ಕೈಗೆ ಹಿಡಿದು ಹೊರಳಿದ್ದೂ ಗೊತ್ತಾಗಲಿಲ್ಲ. ಸಣ್ಣಗೌಡ ಒದರಿಕೊಂಡು ತಟ್ಟೆಯಿಂದ ಉರುಳಿ ಇಳಿದ. ಆಚೆ ತಟ್ಟೆಯ ಕಲ್ಲುಗಳು ಧಡಧಡ ನೆಲಕ್ಕೆ ಬಿದ್ದವು. "ನನ್ನ ಹೋಳಿಗಿ," ಎನ್ನುತ್ತ ಅವನು ತನ್ನ ಸ್ವಂತ ಕಾಲಿನ ಮೇಲೆ ಓಡತೊಡಗಿದ.

"ಹಿಡೀರಿ ಅಕಿನ್ನ," ಎಂದು ಗೌಡಶಾನಿ ಚೀರಿದಳು.

ಮಂಡಳದ ಹೆಂಗಸರೆಲ್ಲ ಎದ್ದರು, ಎಲ್ಲರೂ ಕೈ ಚಾಚಿದರು. ಹಿಡಿಯಬೇಕೆಂದರೆ ಮುಟ್ಟಬೇಕು, ಮುಟ್ಟಿದರೆ ತಲೆಯಿಂದ ಮೈ ತೊಳೆಯಬೇಕು. ಗೇಣು ಅಂತರದಲ್ಲಿ ಅಷ್ಟೂ ಕೈಗಳು ನಿಂತುಬಿಟ್ಟವು. ಜೋಳದ ಹೊಲದಲ್ಲಿ ನುಸುಳುವಂತೆ ರೇಣಿ ಆ ಕೈಗಳ ನಡುವೆಯೇ ನುಸುಳಿ ಕೆರೆಯ ದಾರಿ ಹಿಡಿದಳು. ಹಿಂದೆ ಸಣ್ಣಗೌಡ, ಬೆಳ್ಳಿ ಉಡಿದಾರ ಕುಣಿಸುತ್ತ, ಏದುತ್ತ, ನಿಲ್ಲದೆ. ಶಮೀಮಾಬಿ ಬಾಯಿಗೆ ಸೆರಗು ಒತ್ತಿಕೊಂಡು ಬೆಂಚಿನ ಮೇಲೆ ಕೂತಳು.

"ದುರ್ಗೀ, ನಿನ್ನ ಮಗಳ್ನ ನಿಲ್ಲಸ್ತೀಯೋ ಇಲ್ಲೋ?"

ದುರ್ಗವ್ವ ಕಸಬರಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು ದಂಡೆಯ ಕಡೆ ನೋಡಿದಳು.

"ನಿಲ್ಲಸಬಹುದ್ರಿ ಎವ್ವಾ," ಎಂದಳು. "ಆದ್ರ ಸಣ್ಣಗೌಡ್ರೂ ನಿಂತಬಿಡ್ತಾರ."