ಬಲಗಣ್ಣಿಗೆ ಕಂಡ ದಾರ

"ಇನ್ನೂ ಬಿಗಿ ಎಳಿ. ದಾರಕ್ಕೆ ನಡುವೆ ಹೊಟ್ಟೆ ಬಂದಿದೆ," ಎಂದ ಗಾರೆ ಮೇಸ್ತ್ರಿ.

ಹಳೆಯ ವ್ಯಾನಿನ ಹಿಂದೊಂದು, ಮುಂದೊಂದು ಕಬ್ಬಿಣದ ಕುರ್ಚಿ ಇಟ್ಟು, ಚಕ್ರಗಳ ನಡುಮಟ್ಟಕ್ಕೆ ಅಪ್ಪ ಮಗಳು ದಾರ ಕಟ್ಟುತ್ತಿದ್ದರು. ಸ್ಟೇರಿಂಗ್ ಮೇಲಿನ ಹಿಡಿತ ಸ್ವಲ್ಪ ಸಡಿಲವಾದರೆ ಸಾಕು, ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮುಂದಿನ ಟೈರಿನ ಒಳ ಅಂಚು ಆರೇ ತಿಂಗಳಲ್ಲಿ ಬೋಳಾಗಿತ್ತು. ವರ್ಕ್‌ಶಾಪಿನವನು "ಇದಕ್ಕೆ ಚಕ್ರದ ಅಲೈನ್‌ಮೆಂಟ್ ಯಾಕೆ, ಗುಜರಿಗೆ ಹಾಕಿ" ಎಂದು ನಕ್ಕಿದ್ದ. "ನಲವತ್ತು ವರ್ಷ ಗೋಡೆ ನೇರ ಮಾಡಿದೋನಿಗೆ ನಾಲ್ಕು ಚಕ್ರ ಯಾವ ಲೆಕ್ಕ" ಎಂದು ಮೇಸ್ತ್ರಿ ಗಾಡಿಯನ್ನು ಮನೆಗೇ ತಂದಿದ್ದ. ಮಗಳು ಅವನ ಕೈಕೆಳಗೇ ಕರಣೆ ಹಿಡಿದು ಗಾರೆ ಕೆಲಸ ಕಲಿತವಳು. ಸಹಾಯಕ್ಕೆ ಬಂದಿದ್ದಳು ನಿಜ, ಆದರೆ ಹೂಂ, ಉಹೂಂ ಬಿಟ್ಟರೆ ಬಾಯಿ ಬಿಟ್ಟಿರಲಿಲ್ಲ. ಒಂದು ವಾರದಿಂದ ಹೀಗೇ.

ಅವಳು ಎಳೆದಳು. ಮೇಸ್ತ್ರಿ ಹಿಂದಿನ ಕುರ್ಚಿಯ ಬಳಿ ಮಂಡಿಯೂರಿ, ಎಡಗಣ್ಣು ಮುಚ್ಚಿ, ದಾರದ ಗುಂಟ ನೋಡಿದ. "ಇನ್ನೂ!" ಮತ್ತೆ ಎಳೆದಳು. "ಕೈಯಲ್ಲಿ ಕಸುವಿಲ್ವೇನೇ? ಇನ್ನೂ!" ದಾರ ಪಟ್ ಎಂದು ತುಂಡಾಗಿ ಅವಳ ಮೊಣಕೈಗೆ ಬಾರಿಸಿತು.

ಮಗಳು ಹೊಸ ದಾರ ಕಟ್ಟಿದಳು. ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಝುಂಯ್ ಎಂದಿತು.

"ಹೊಟ್ಟೆ ಹಾಗೇ ಇದೆ," ಎಂದ ಮೇಸ್ತ್ರಿ.

ಅವಳು ಎದ್ದು ಬಂದು, ಅಪ್ಪನನ್ನು ಪಕ್ಕಕ್ಕೆ ಸರಿಸಿ, ತಾನೂ ಒಂದು ಕಣ್ಣು ಮುಚ್ಚಿ ನೋಡಿದಳು. ದಾರ ಬಾಣದಂತೆ ನೇರವಾಗಿತ್ತು.

"ಅಪ್ಪ, ಬಿಗಿಯಾಗಿ ಎಳೆದ ದಾರ ಬಾಗತ್ತಾ?"

"ದಾರ ಯಾಕೆ ಬಾಗತ್ತೆ? ನಿಂಗೆ ಮೊದಲನೇ ದಿನ ಹೇಳಿಕೊಟ್ಟಿದ್ದೇ ಅದು. ಮನುಷ್ಯ ಸುಳ್ಳು ಹೇಳ್ಬಹುದು, ದಾರ…"

ಮಾತು ಅಲ್ಲಿಗೇ ನಿಂತಿತು. ಮಗಳು ಅವನ ಎಡಗಣ್ಣಿನ ಮೇಲೆ ತನ್ನ ಅಂಗೈ ಇಟ್ಟಳು. "ಈಗ ಏನು ಕಾಣ್ಸತ್ತೆ?"

"ನಡುವೆ ಡೊಂಕಾಗಿದೆ. ಅಲ್ಲೇ ಸ್ವಲ್ಪ ಮಸಿ ಬಳಿದ ಹಾಗಿದೆ."

ಅಂಗೈಯನ್ನು ಬಲಗಣ್ಣಿಗೆ ಸರಿಸಿದಳು. "ಈಗ?"

ಮೇಸ್ತ್ರಿ ಬಹಳ ಹೊತ್ತು ನೋಡಿದ. ಪಕ್ಕದ ಮನೆಯ ಮಹಡಿಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದರು. ಆ ಸದ್ದು ನಿಂತ ಮೇಲೆ, "ನೇರ," ಎಂದ.

ಹೋದ ವಾರ ಮಗಳು ಮೊದಲ ಬಾರಿಗೆ ಒಬ್ಬಳೇ ಒಂದು ಇಡೀ ಗೋಡೆ ಎಬ್ಬಿಸಿದ್ದಳು. ಸಂಜೆ ಬಂದ ಮೇಸ್ತ್ರಿ ಎಡಗಣ್ಣು ಮುಚ್ಚಿ ಅದರ ಗುಂಟ ನೋಡಿದ್ದ. ಎಂಟು ಜನ ಆಳುಗಳ ಎದುರು, ಸಿಮೆಂಟು ಹಸಿಯಿರುವಾಗಲೇ, ಡೊಂಕಾಗಿದೆ ಎಂದು ಕಾಲಿನಿಂದ ಒದ್ದು ಕೆಡವಿದ್ದ. ಅದನ್ನು ಈಗ ಇಬ್ಬರೂ ನೆನೆದರು.

"ಕೆಲಸ ಮುಗಿಸೋಣ," ಎಂದಳು ಮಗಳು. "ನೋಡೋದು ನಾನು, ತಿರುಗಿಸೋದು ನೀನು."

ಮೇಸ್ತ್ರಿ ಮಲಗಿ ವ್ಯಾನಿನ ಕೆಳಗೆ ನುಸುಳಿದ. ಅವಳು ಅಳತೆಪಟ್ಟಿ ಹಿಡಿದು, ಎಡಗಡೆ ಮುಂದಿನ ಚಕ್ರದ ಎರಡು ಅಂಚುಗಳಿಂದ ದಾರಕ್ಕೆ ಎಷ್ಟು ದೂರ ಎಂದು ನೋಡಿದಳು. ಮುಂದಿನ ಅಂಚು ಹಿಂದಿನದಕ್ಕಿಂತ ಅರ್ಧ ಬೆರಳು ದಾರದ ಹತ್ತಿರ ಬಂದಿತ್ತು. ಚಕ್ರ ಮೂತಿ ತಿರುಗಿಸಿ ಹೊರಗೆ ನೋಡುತ್ತಿತ್ತು. ಚಕ್ರದ ದಿಕ್ಕು ಹಿಡಿಯುವ ಸರಳಿನ ನಟ್ಟು ತುಕ್ಕು ಹಿಡಿದು ಹಟ ಮಾಡಿತು. ಎಣ್ಣೆ ಕುಡಿಸಿ, ನಾಲ್ಕು ಪೆಟ್ಟು ಕೊಟ್ಟ ಮೇಲೆ ಕಿರುಗುಟ್ಟುತ್ತಾ ಸಡಿಲವಾಯಿತು.

"ಒಂದು ಸುತ್ತು… ಸಾಕು. ಸ್ವಲ್ಪ ಹಿಂದಕ್ಕೆ. ಹಾಂ, ನಿಲ್ಸು."

"ನಿಂಗೆ ಸರಿ ಕಾಣ್ತಿದೆಯಾ?" ಕೆಳಗಿನಿಂದ ಕೇಳಿದ ಮೇಸ್ತ್ರಿ. ಕೆಲಸದಲ್ಲಿ ಅವನು ಅವಳನ್ನು ಹೀಗೆ ಕೇಳಿದ್ದು ಇದೇ ಮೊದಲು.

"ಸರಿಯಾಗಿದೆ."

ಬಲಗಡೆಯೂ ಮುಗಿದ ಮೇಲೆ ಅವನು ಕೈ ತೊಳೆದು ಬಂದ. ಕೀಲಿಯನ್ನು ತಾನಾಗಿಯೇ ಅವಳ ಕೈಗಿಟ್ಟು, ಪಕ್ಕದ ಸೀಟಿನಲ್ಲಿ ಕೂತ. ಖಾಲಿ ರಸ್ತೆಯಲ್ಲಿ ಅವಳು ಸ್ಟೇರಿಂಗಿನಿಂದ ಎರಡೂ ಕೈ ಎತ್ತಿದಳು. ವ್ಯಾನು ಕೆಮ್ಮುತ್ತಾ, ಗಡಗಡ ಎನ್ನುತ್ತಾ, ನೆಟ್ಟಗೆ ಹೋಯಿತು.

"ಮನೆ ಈ ಕಡೆ ಕಣೆ," ಎಂದ ಮೇಸ್ತ್ರಿ, ಅವಳು ತಿರುವು ದಾಟಿದಾಗ.

"ಆಸ್ಪತ್ರೆ ಆ ಕಡೆ," ಎಂದಳು.

ಕಣ್ಣಿನ ಡಾಕ್ಟರು ಚೌಕಳಿ ಗೆರೆಗಳ ಹಾಳೆ ತೋರಿಸಿದರು, ದೀಪ ಬಿಟ್ಟು ಒಳಗೆಲ್ಲ ನೋಡಿದರು. "ಬಲಗಣ್ಣಿನ ಒಳಪರದೆ ನಡುವೆ ಊದಿಕೊಂಡಿದೆ. ಹೋಗಿರೋ ನೋಟ ಪೂರ್ತಿ ಬರುತ್ತೆ ಅಂತ ಹೇಳಲಾರೆ. ಇಂಜೆಕ್ಷನ್ ಶುರು ಮಾಡಿದ್ರೆ ಇಷ್ಟಕ್ಕೇ ನಿಲ್ಲಿಸೋ ಪ್ರಯತ್ನ ಮಾಡಬಹುದು. ಎರಡೂ ಕಣ್ಣು ಬಿಟ್ಟಿರುವಾಗ ಒಳ್ಳೇ ಕಣ್ಣು ಕೆಟ್ಟ ಕಣ್ಣಿನ ದೋಷಾನ ಮುಚ್ಚಿಹಾಕುತ್ತೆ. ಅದಕ್ಕೇ ನಿಮಗೆ ಗೊತ್ತಾಗಿಲ್ಲ." ಮೊದಲ ಇಂಜೆಕ್ಷನ್ ಅಂದೇ ಆಯಿತು.

ವಾಪಸ್ ಬರುವಾಗ ಮೇಸ್ತ್ರಿಯ ಬಲಗಣ್ಣಿಗೆ ಹತ್ತಿಯ ಪಟ್ಟಿ ಇತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವಳ ಕಡೆ ತಿರುಗಿದ.

"ಅವತ್ತು ನಂಗೆ ಹಾಗೆ ಕಂಡಿತು, ಕೆಡವಿದೆ. ಅಷ್ಟು ಜನರ ಮುಂದೆ. ನೀನಾದ್ರೂ 'ಗೋಡೆ ನೇರ ಇದೆ, ಇನ್ನೊಂದ್ಸಲ ನೋಡು' ಅಂತ ಒಂದು ಮಾತು ಹೇಳಬಾರದಿತ್ತಾ?"

ದೀಪ ಹಸಿರಾಯಿತು. ಮಗಳು ಗೇರ್ ಹಾಕಿದಳು.

"ಮೂರು ಸಲ ಹೇಳ್ದೆ, ಅಪ್ಪ."